ನಾಲಗೆಯ ಮೇಲಿನ ತಾಯ್ನುಡಿ

ಮಗುವು ತಾಯ್ನುಡಿಯನ್ನು ಕಲಿಯುವಾಗ ಅದರ ಕಿವಿಗೆ ಕೆಲವು ಧ್ವನಿಗಳನ್ನು ಗುರುತಿಸುವ, ನಾಲಗೆಗೆ ಕೆಲವು ರೀತಿಯಲ್ಲಿ ಹೊರಳುವ ಅಭ್ಯಾಸವಾಗುತ್ತದೆ. ಮುಂದೆ ಇಂಗ್ಲಿಷ್ ಕಲಿಯಲು ತೊಡಗಿದಾಗಲೂ ಈ ಅಭ್ಯಾಸವು ನಮ್ಮೊಡನೆಯೇ ಬರುತ್ತದೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಮಣ್ಣೂರ ಎಂಬ ಊರಿದೆ. ಈ ಎರಡು ಹೆಸರುಗಳೇ ನಮಗೆ ಪಾಠ ಹೇಳುತ್ತವೆ. ಅರಬ್ಬೀ ಮೂಲದ 'ಅಫ್ಜಲ್' ಪದದ ನಡುವೆ ಎರಡು ವ್ಯಂಜನಗಳು ಸ್ವರವಿಲ್ಲದೆ ಕೂಡಿವೆ. ಕನ್ನಡದ ನಾಲಗೆಯು ಅವುಗಳ ಮಧ್ಯೆ ಅಕಾರವನ್ನು ಸೇರಿಸಿ 'ಅಫಜಲ' ಎಂದು ಸುಲಭಗೊಳಿಸಿಕೊಂಡಿತು. ಕನ್ನಡ ಪದಗಳು ಸಾಮಾನ್ಯವಾಗಿ ಸ್ವರಾಂತವಾದುದರಿಂದ ಬಸ್, ಕಾರ್, ಬ್ಯಾಂಕ್ ಎಂಬ ಇಂಗ್ಲಿಷ್ ಪದಗಳೂ ನಮ್ಮಲ್ಲಿ ಬಸ್ಸು, ಕಾರು, ಬ್ಯಾಂಕು ಆದವು.

ಇನ್ನು 'ಮಣ್ಣೂರ'. ಇಂಗ್ಲಿಷಿನಲ್ಲಿ ಣಕಾರವಿಲ್ಲ. ಆದ್ದರಿಂದ ಆಂಗ್ಲನು ಇದನ್ನು 'ಮನ್ನೂರ' ಎಂದಾನು. ತಕಾರ ಟಕಾರಗಳ ಭೇದವೂ ಅವನ ಕಿವಿಗೆ ಸುಲಭವಾಗಿ ನಿಲುಕದು. ಹುಟ್ಟಿನಿಂದಲೇ ಹೀಗಿರುವುದಿಲ್ಲ. ಕೆನಡದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತ–ಟ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ವೇಳೆಗೆ ಆ ಶಕ್ತಿಯು ಬಹುಮಟ್ಟಿಗೆ ಕುಂದಿತ್ತು. ಮಗುವು ಮಾತನಾಡುವ ಮೊದಲೇ ಕಿವಿಯು ತಾಯ್ನುಡಿಗೆ ಒಗ್ಗಿಬಿಡುತ್ತದೆ.

ನಮ್ಮ ಸ್ಥಿತಿಯೂ ಇದೇ. ಎಲೆಯನ್ನು 'ಯೆಲೆ' ಎನ್ನುವ ನಾವು ಇಂಗ್ಲಿಷಿನಲ್ಲಿ ಕಿವಿ ಎಂಬರ್ಥದ 'ಇಯರ್' ಪದಕ್ಕೂ ಯಕಾರವನ್ನು ಹಚ್ಚುತ್ತೇವೆ; ಆಗ ಅದು ವರ್ಷ ಎಂಬರ್ಥದ 'ಯಿಯರ್' ಆಗುತ್ತದೆ. ಇಂಗ್ಲಿಷಿನಲ್ಲಿ ವಕಾರಗಳು ಎರಡು. ಒಳ ಅಂಗಿಯನ್ನು ಸೂಚಿಸುವ 'ವೆಸ್ಟ್' ಪದದಲ್ಲಿ ಕೆಳದುಟಿಯು ಮೇಲಿನ ಹಲ್ಲುಗಳನ್ನು ಮುಟ್ಟಬೇಕು. ಪಶ್ಚಿಮವನ್ನು ಸೂಚಿಸುವ 'ವೆಸ್ಟ್' ಪದದಲ್ಲಿ ತುಟಿಗಳು ದುಂಡಗಾಗಬೇಕು. ನಮ್ಮಲ್ಲಿ ವಕಾರ ಒಂದೇ ಆದುದರಿಂದ ಎರಡೂ ಒಂದಾಗುತ್ತವೆ. ಒತ್ತಿನ ವಿಷಯವೂ ಹಾಗೆಯೇ. 'ಫೋಟೋಗ್ರಾಫ್' ಎಂಬಲ್ಲಿ ಮೊದಲ ಅಕ್ಷರಕ್ಕೆ ಒತ್ತು. 'ಫೋಟಾಗ್ರಫಿ' ಎಂದೊಡನೆ ಅದು ಎರಡನೆಯದಕ್ಕೆ ಸರಿಯುತ್ತದೆ. ಕನ್ನಡದಲ್ಲಿ ಒತ್ತು ಹೀಗೆ ಸ್ಥಳ ಬದಲಿಸುವುದಿಲ್ಲವಾದ್ದರಿಂದ ನಾವು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮನಾಗಿ ನುಡಿಯುತ್ತೇವೆ.

ಇವುಗಳಲ್ಲಿ ಅರ್ಥವನ್ನು ಕೆಡಿಸುವವನ್ನು ಮೊದಲು ತಿದ್ದಿಕೊಳ್ಳಬೇಕು. 'ಥ್ರೀ' ಎಂಬುದನ್ನು ನಮ್ಮ ಥಕಾರದಿಂದ ನುಡಿದರೆ ಕೇಳುವವನಿಗೆ ಬಹುಮಟ್ಟಿಗೆ ತಿಳಿಯುತ್ತದೆ. ಕಿವಿಯು ವರ್ಷವಾದರೆ ತಿಳಿಯುವುದು ಕಷ್ಟ. ಇಂತಹ ಜೋಡಿಪದಗಳನ್ನು ಮೊದಲು ಗಮನವಿಟ್ಟು ಕೇಳಬೇಕು. ಅನಂತರ ಕನ್ನಡಿಯ ಮುಂದೆ ನಿಂತು ತುಟಿಗಳ ಚಲನೆಯನ್ನು ನೋಡುತ್ತ ನುಡಿಯಬೇಕು.

ಉಚ್ಚಾರ ತಪ್ಪಿದ ಸಹಪಾಠಿಯನ್ನು ಕಂಡು ನಗುವುದು ಮಾತ್ರ ಸಲ್ಲದು. ನಗೆಗೆ ಅಂಜಿ ಬಾಯಿ ಮುಚ್ಚಿಕೊಂಡವನಿಗೆ ತಿದ್ದಿಕೊಳ್ಳುವ ಅವಕಾಶವೇ ಇಲ್ಲದಂತಾಗುತ್ತದೆ. 'ಮನ್ನೂರ' ಎಂದ ಆಂಗ್ಲನನ್ನು ನಾವು ದಡ್ಡನೆನ್ನುವುದಿಲ್ಲ; ಅದೇ ಔದಾರ್ಯವು ನಮ್ಮ ಪಕ್ಕದಲ್ಲಿ ಕುಳಿತ ಗೆಳೆಯನಿಗೂ ದೊರೆಯಬೇಕು.