ಎಂಟು ಕದಿರಿನ ರಾಟೆ

ದೀಪದ ಬತ್ತಿ ಹೊಸೆಯುವುದನ್ನು ಹತ್ತಿರದಿಂದ ನೋಡಿದವರಿಗೆ ನೂಲುವ ಯಂತ್ರದ ಅರ್ಧ ಗುಟ್ಟು ಆಗಲೇ ಗೊತ್ತಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಜಾಸ್ತಿ, ಹೊಲದಲ್ಲಿ ಹತ್ತಿ ಬೆಳೆಯುವ ಮಾತಿಲ್ಲ. ಆದರೂ ಬತ್ತಿಗೆಂದು ಹಿತ್ತಲಲ್ಲಿ ಒಂದು ಹತ್ತಿಗಿಡ ಇಟ್ಟುಕೊಂಡ ಮನೆಗಳುಂಟು. ಜಗಲಿಯಲ್ಲಿ ಕೂತ ಅಜ್ಜಿ ಬೀಜ ಬಿಡಿಸಿದ ಅರಳೆಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬಲಗೈ ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಎಳೆಯುತ್ತಾರೆ, ಹೊಸೆಯುತ್ತಾರೆ. ಇವೆರಡೇ ಕೆಲಸ. ಎಳೆದಾಗ ನಾರುಗಳು ಉದ್ದಕ್ಕೆ ಸಾಲುಗಟ್ಟುತ್ತವೆ, ಹೊಸೆದಾಗ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹತ್ತಿಯ ಒಂದು ನಾರಿನ ಉದ್ದ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್. ಅಂಟಿಲ್ಲದೆ, ಗಂಟಿಲ್ಲದೆ ಅದರಿಂದ ಕಿಲೋಮೀಟರುಗಟ್ಟಲೆ ನೂಲು ಬರುವುದು ಘರ್ಷಣೆಯ ಬಲದಿಂದ. ಆ ಘರ್ಷಣೆಯನ್ನು ಹುಟ್ಟಿಸುವುದು ಹುರಿ.

ಜನಿವಾರದ ನೂಲು ತೆಗೆಯುವ ತಕಲಿ ಹುರಿ ಹಾಕುವ ಕೆಲಸವನ್ನು ಬೆರಳಿನಿಂದ ಒಂದು ಕಡ್ಡಿಗೆ ವರ್ಗಾಯಿಸಿತು. ರಾಟೆ ಆ ಕಡ್ಡಿಯನ್ನು ಮಲಗಿಸಿ, ಚಕ್ರಕ್ಕೆ ದಾರದಿಂದ ಜೋಡಿಸಿತು. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಆ ಸಣ್ಣ ಕಡ್ಡಿ, ಅಂದರೆ ಕದಿರು, ಹತ್ತಾರು ಸುತ್ತು. ಹನ್ನೆರಡನೆಯ ಶತಮಾನದ ಶರಣೆ ಕದಿರೆ ರೆಮ್ಮವ್ವೆಯ ಕಾಯಕ ನೂಲುವುದು. ಆಕೆ ತನ್ನ ರಾಟೆಯ ಒಂದೊಂದು ಭಾಗವನ್ನೂ ಹೆಸರಿಸಿ ವಚನ ಕಟ್ಟಿದಳು. ಭಾರತದಲ್ಲಿ ರಾಟೆ ಎಷ್ಟು ಹಳೆಯದು ಎಂಬ ಚರ್ಚೆಯಲ್ಲಿ ಇತಿಹಾಸಕಾರರು ಈ ಕನ್ನಡ ವಚನವನ್ನು ಸಾಕ್ಷಿಯಾಗಿ ಎತ್ತಿಕೊಳ್ಳುತ್ತಾರೆ. ತಂತ್ರಜ್ಞಾನದ ಚರಿತ್ರೆಗೆ ಒಬ್ಬ ದುಡಿಯುವ ಹೆಣ್ಣುಮಗಳು ಕೊಟ್ಟ ಈ ದಾಖಲೆಯನ್ನು ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲೂ ಹೇಳಬೇಕು.

ರಾಟೆ ಬಂದರೂ ಎಳೆಯುವ ಕೆಲಸ ಬೆರಳಲ್ಲೇ ಉಳಿಯಿತು. ಒಂದು ಕೈಗೆ ಒಂದೇ ಎಳೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿ ಕಂಡುಹಿಡಿದು ನೇಯ್ಗೆಯ ವೇಗ ಹೆಚ್ಚಿಸಿದ ಮೇಲೆ ಈ ತೊಡಕು ಎದ್ದು ಕಂಡಿತು. ಒಂದು ಮಗ್ಗಕ್ಕೆ ನೂಲು ಒದಗಿಸಲು ನಾಲ್ಕಾರು ಮಂದಿ ನೂಲಬೇಕಾಗಿತ್ತು.

ಬ್ಲ್ಯಾಕ್‌ಬರ್ನ್ ಹತ್ತಿರದ ನೇಕಾರ ಜೇಮ್ಸ್ ಹಾರ್ಗ್ರೀವ್ಸ್ ಸುಮಾರು 1764ರಲ್ಲಿ ಮಾಡಿದ 'ಜೆನ್ನಿ'ಯಲ್ಲಿ ಮಲಗಿದ್ದ ಕದಿರು ಎದ್ದು ನಿಂತಿತು. ಒಂದರ ಪಕ್ಕ ಒಂದರಂತೆ ಎಂಟು ಕದಿರು, ಎಲ್ಲಕ್ಕೂ ಸೇರಿ ಒಂದೇ ಚಕ್ರ. ಹೆಬ್ಬೆರಳು ತೋರುಬೆರಳಿನ ಜಾಗಕ್ಕೆ ಎರಡು ಮರದ ಪಟ್ಟಿಗಳು. ಅವು ನೂಲಲು ಹದಮಾಡಿದ ಅರಳೆಯ ಎಂಟು ಹಂಜಿಗಳನ್ನೂ ಒಟ್ಟಿಗೆ ಕಚ್ಚಿ ಹಿಡಿಯುತ್ತವೆ. ನೂಲುವವಳು ಒಂದು ಕೈಯಲ್ಲಿ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತಾಳೆ, ಇನ್ನೊಂದರಲ್ಲಿ ಚಕ್ರ ತಿರುಗಿಸುತ್ತಾಳೆ. ಎಂಟು ಎಳೆಗಳು ಒಟ್ಟಿಗೆ ಸಪೂರವಾಗುತ್ತ, ಹುರಿಗೊಳ್ಳುತ್ತ ಹೋಗುತ್ತವೆ. ಪಟ್ಟಿಯನ್ನು ಮುಂದಕ್ಕೆ ತಂದರೆ ನೂಲು ಕದಿರಿಗೆ ಸುತ್ತಿಕೊಳ್ಳುತ್ತದೆ. ಅಜ್ಜಿಯ ಬೆರಳು ಮಾಡುವುದನ್ನೇ ಮರ ಮಾಡಿತು, ಎಂಟು ಪಟ್ಟು. ನೂಲಿನ ಬೆಲೆ ಬಿದ್ದೀತೆಂದು ಹೆದರಿದ ಜನ 1768ರಲ್ಲಿ ಅವನ ಯಂತ್ರಗಳನ್ನು ಒಡೆದರು. ಅವನು ಊರು ಬಿಟ್ಟು ನಾಟಿಂಗ್‌ಹ್ಯಾಮಿಗೆ ಹೋಗಿ 1770ರಲ್ಲಿ ಪೇಟೆಂಟ್ ಪಡೆದ. ಒಡೆದವರನ್ನು ಮೂಢರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅವರ ಮನೆಯ ಒಲೆ ಉರಿಯುತ್ತಿದ್ದುದೇ ರಾಟೆಯಿಂದ.

ಜೆನ್ನಿಯ ನೂಲು ಮೆತ್ತಗೆ. ಬಟ್ಟೆಯ ಅಡ್ಡ ಎಳೆಯಾದ ಹೊಕ್ಕಿಗೆ ಆದೀತು, ಉದ್ದ ಎಳೆಯಾದ ಹಾಸಿನ ಬಿಗಿತ ತಾಳದು. ಅದಕ್ಕೆ ಪರಿಹಾರ ತಂದವನು ರಿಚರ್ಡ್ ಆರ್ಕ್‌ರೈಟ್, 1769ರಲ್ಲಿ. ಆಲೆಮನೆಯ ಗಾಣದಲ್ಲಿ ಕಬ್ಬು ಹಾಯುವಂತೆ ಹಂಜಿಯನ್ನು ಜೋಡಿ ಉರುಳೆಗಳ ನಡುವೆ ಹಾಯಿಸಿದ. ಹಿಂದಿನ ಜೋಡಿ ನಿಧಾನ, ಮುಂದಿನ ಜೋಡಿ ಜೋರು. ವೇಗದ ಈ ವ್ಯತ್ಯಾಸವೇ ಹತ್ತಿಯನ್ನು ಹಿಗ್ಗಿಸಿ ಎಳೆಯುತ್ತದೆ. ಉರುಳೆಯ ಯೋಚನೆ ಅವನಿಗಿಂತ ಮೊದಲೇ ಲೂಯಿಸ್ ಪಾಲ್ ಎಂಬಾತನಿಗೆ ಹೊಳೆದಿತ್ತು. ಅದನ್ನು ಗಟ್ಟಿ ನೂಲಾಗಿಸಿ, 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಕಾರ್ಖಾನೆ ಶುರುಮಾಡಿ, ನೀರಿನ ಚಕ್ರಕ್ಕೆ ಕಟ್ಟಿದ್ದು ಆರ್ಕ್‌ರೈಟ್. ನೂಲುವ ಕೆಲಸ ಮನೆಯ ಜಗಲಿಯಿಂದ ಇಳಿದು ಹೊಳೆ ದಂಡೆಯ ಗಿರಣಿ ಸೇರಿತು.

1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಆರ್ಕ್‌ರೈಟನ ಉರುಳೆಯನ್ನೂ ಜೆನ್ನಿಯ ಸರಿದಾಡುವ ಚೌಕಟ್ಟನ್ನೂ ಕೂಡಿಸಿದ. ಎರಡು ತಳಿಯ ಬೆರಕೆಯಾದ್ದರಿಂದ ಅದಕ್ಕೆ 'ಮ್ಯೂಲ್', ಹೇಸರಗತ್ತೆ, ಎಂಬ ಹೆಸರು ನಿಂತಿತು. ಭಾರತದ ಮಸ್ಲಿನ್ನಿಗೆ ಪೈಪೋಟಿ ಕೊಡುವಷ್ಟು ಸಣ್ಣ ನೂಲು ಇಂಗ್ಲೆಂಡಿನ ಯಂತ್ರದಿಂದ ಬಂದದ್ದು ಇದರಲ್ಲಿ. 100 ಪೌಂಡ್, ಅಂದರೆ ಸುಮಾರು 45 ಕಿಲೋ ಹತ್ತಿ ನೂಲಲು ಭಾರತದ ರಾಟೆಗೆ 50,000 ಗಂಟೆ ಬೇಕಾದರೆ, ಕ್ರಾಂಪ್ಟನ್ನನ ಯಂತ್ರಕ್ಕೆ 2,000 ಗಂಟೆ, 1825ರ ಹೊತ್ತಿನ ಸ್ವಯಂಚಾಲಿತ ಮ್ಯೂಲ್‌ಗೆ 135 ಗಂಟೆ ಸಾಕಾಯಿತು ಎಂಬುದು ಆರ್ಥಿಕ ಇತಿಹಾಸಕಾರರ ಲೆಕ್ಕ. ನಮ್ಮ ಹಳ್ಳಿಗಳ ರಾಟೆ ನಿಂತದ್ದು ಆಲಸ್ಯದಿಂದಲ್ಲ, ಈ ಅಂಕಿಗಳ ಭಾರದಿಂದ.

ಕರ್ನಾಟಕದಲ್ಲಿ ಈ ಕತೆಯ ಮುಂದುವರಿಕೆ ನೋಡಬೇಕಾದರೆ ಗೋಕಾಕಿಗೆ ಹೋಗಬೇಕು. 1885ರಲ್ಲಿ ಸ್ಥಾಪನೆಯಾದ ಅಲ್ಲಿನ ನೂಲಿನ ಗಿರಣಿಯನ್ನು ನಡೆಸಿದ್ದು ಘಟಪ್ರಭೆಯ ಜಲಪಾತ. ಮಲೆನಾಡೂ ಈ ಕತೆಯ ಹೊರಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರದ ಜೋಗದಲ್ಲಿ ಧುಮುಕುವ ಶರಾವತಿ 1948ರಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಕೊಟ್ಟಳು. ನಾಡಿನ ಗಿರಣಿಗಳ ಕದಿರು ತಿರುಗಿಸಿದ ಶಕ್ತಿಯಲ್ಲಿ ಆ ನೀರಿನ ಪಾಲಿದೆ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಗದ್ದೆ ಕಳೆದುಕೊಂಡವರ ಪಾಲೂ ಇದೆ.

ಅದೇ ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ 'ಚರಕ' ಮಹಿಳಾ ಸಹಕಾರ ಸಂಘ ಹುಟ್ಟಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ನೂಲಿಗೆ ಕೆಂಗಂದು ಬಣ್ಣ ಕಟ್ಟಿ, ಕೈಮಗ್ಗದಲ್ಲಿ ನೇಯ್ದು, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದು ಕೆಲಸ ಕೊಟ್ಟಿತು. ಮಲೆನಾಡಿಗೆ ಹತ್ತಿ ಪರದೇಶಿಯಾದರೂ ಬಣ್ಣ ನಮ್ಮ ತೋಟದ್ದೇ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಕೈಮಗ್ಗದ ಬಟ್ಟೆ ಎಂದರೆ ನೇಯ್ಗೆ ಕೈಯದು, ನೂಲು ಗಿರಣಿಯದಾಗಿರಬಹುದು. ದೇಶದ ಬಹುಪಾಲು ಕೈಮಗ್ಗಗಳು ಉಣ್ಣುವುದು ಗಿರಣಿಯ ನೂಲನ್ನೇ. ನೂಲೂ ಕೈಯದೇ ಆದರೆ ಖಾದಿ. ಖಾದಿಗೆ ಇಂದು ಹೆಚ್ಚಾಗಿ ಬಳಸುವ ಅಂಬರ ಚರಕದಲ್ಲಿ ಹಲವು ಕದಿರುಗಳಿವೆ, ಹತ್ತಿ ಎಳೆಯಲು ಉರುಳೆಗಳಿವೆ. ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ ಈ ಸಾಧನದಲ್ಲಿ ಹಾರ್ಗ್ರೀವ್ಸನೂ ಆರ್ಕ್‌ರೈಟನೂ ಗಿರಣಿ ಬಿಟ್ಟು ಮತ್ತೆ ಮನುಷ್ಯನ ಕೈಗೆ ಬಂದಿದ್ದಾರೆ.

ಮುಂದಿನ ಸಲ ಹತ್ತಿ ಬಟ್ಟೆ ಕೊಂಡಾಗ ಅಂಚಿನಿಂದ ಒಂದು ಎಳೆ ಕಿತ್ತು, ಎರಡೂ ಕೈಯಲ್ಲಿ ಹಿಡಿದು, ಹುರಿಗೆ ಎದುರಾಗಿ ತಿರುವಿ ನೋಡಿ. ಹುರಿ ಪೂರ್ತಿ ಬಿಚ್ಚಿದೊಡನೆ ಸದ್ದಿಲ್ಲದೆ ಎರಡಾಗಿ ಬರುತ್ತದೆ, ತುದಿಯಲ್ಲಿ ಮತ್ತೆ ಅರಳೆ. ಅದನ್ನು ನೂತವರು ಯಾರು ಎಂದು ಅಂಗಡಿಯವರನ್ನು ದಯವಿಟ್ಟು ಕೇಳಿ.