ಕಿವಿಯಿಂದ ಬರುವ ತಲೆಸುತ್ತು



ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಒಂದು ವಾರದಿಂದ ಅವರಿಗೆ ನೆಗಡಿಯಿದ್ದು, ಅದು ಈಗ ವಾಸಿಯಾಗುತ್ತ ಬಂದಿದೆ. ಒಂದು ಬೆಳಗ್ಗೆ ಹಾಸಿಗೆಯಿಂದ ತಲೆಯೆತ್ತುವಷ್ಟರಲ್ಲಿಯೇ ಗೋಡೆ, ಕಿಟಕಿ, ಮಾಡಿನ ತೊಲೆ ಎಲ್ಲವೂ ಒಂದೇ ದಿಕ್ಕಿಗೆ ಗಿರ್ರನೆ ತಿರುಗಲಾರಂಭಿಸುತ್ತವೆ. ಕಣ್ಣು ಮುಚ್ಚಿದರೂ ಸುತ್ತು ನಿಲ್ಲದು. ವಾಂತಿ ಬಿಡದು. ಮನೆಮಂದಿಗೆಲ್ಲ ಗಾಬರಿ. ಪಿತ್ತ ನೆತ್ತಿಗೇರಿತೆಂದು ಅಜ್ಜಿ ನಿಂಬೆಹಣ್ಣು ತರಿಸುತ್ತಾರೆ. ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿರೆಂದು ನೆರೆಯವರು ಸಲಹೆ ಕೊಡುತ್ತಾರೆ. ಕೋಣೆಯ ಕಿಟಕಿ ಮುಚ್ಚಿ, ಅಲುಗಾಡಬೇಡಿರೆಂದು ಹೇಳಿ, ಅವರನ್ನು ಮಲಗಿಸುತ್ತಾರೆ. ವೈದ್ಯರು ಮೂರು ದಿನಕ್ಕೆಂದು ಕೊಟ್ಟ ಮಾತ್ರೆಯನ್ನು ಮೂರು ವಾರ ನುಂಗಿಸುತ್ತಾರೆ. ಇವರೆಲ್ಲರೂ ಹಿತಚಿಂತಕರೇ ಸರಿ. ಆದರೆ ಈ ಬೇನೆ ಅನೇಕ ವೇಳೆ ದೀರ್ಘವಾಗುವುದು ಇಂತಹ ಹಿತಚಿಂತನೆಯಿಂದಲೇ. ಅದು ಹೇಗೆಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ನಾವು ತಲೆಸುತ್ತು ಎಂಬ ಒಂದೇ ಮಾತಿನಿಂದ ಎರಡು ಬೇರೆ ಅನುಭವಗಳನ್ನು ಸೂಚಿಸುತ್ತೇವೆ. ಹೊಟ್ಟೆ ಹಸಿದಾಗಲೋ, ಬಿಸಿಲಿನಲ್ಲಿ ಬಹಳ ಹೊತ್ತು ನಿಂತಾಗಲೋ ಕಣ್ಣು ಕತ್ತಲಿಟ್ಟು ಬವಳಿ ಬರುವುದು ಒಂದು ಬಗೆ. ಇದಕ್ಕೆ ಕಾರಣವನ್ನು ಸಾಮಾನ್ಯವಾಗಿ ರಕ್ತದ ಓಟದಲ್ಲಿ ಹುಡುಕತಕ್ಕದ್ದು. ತಾನಾಗಲಿ ತನ್ನ ಸುತ್ತಣ ಜಗತ್ತಾಗಲಿ ಬುಗುರಿಯಂತೆ ತಿರುಗುತ್ತಿರುವಂತೆ ತೋರುವುದು ಎರಡನೆಯ ಬಗೆ. ಇದರ ಮೂಲ ಬಹುಮಟ್ಟಿಗೆ ಕಿವಿಯಲ್ಲಿರುತ್ತದೆ.

ಕೇಳುವ ಇಂದ್ರಿಯಕ್ಕೂ ತಲೆ ತಿರುಗುವುದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಕಿವಿಯಲ್ಲಿ ಹೊರಗಿವಿ, ನಡುಗಿವಿ, ಒಳಗಿವಿ ಎಂದು ಮೂರು ಭಾಗಗಳುಂಟು. ತಮಟೆಯ ಚರ್ಮದಂತಹ ಒಂದು ತೆಳುಪೊರೆ ಹೊರಗಿವಿಯನ್ನು ನಡುಗಿವಿಯಿಂದ ಬೇರ್ಪಡಿಸುತ್ತದೆ. ಒಳಗಿವಿಯು ತಲೆಬುರುಡೆಯ ಬಹು ಗಟ್ಟಿಯಾದ ಎಲುಬಿನೊಳಗೆ ಹುದುಗಿದೆ. ಅದರ ಒಂದು ಪಾರ್ಶ್ವದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಅಂಗವು ಶಬ್ದವನ್ನು ಗ್ರಹಿಸುತ್ತದೆ. ಇನ್ನೊಂದು ಪಾರ್ಶ್ವದಲ್ಲಿ ಅರ್ಧಚಂದ್ರಾಕಾರದ ಮೂರು ಸಣ್ಣ ನಾಳಗಳು ಮೂರು ಬೇರೆ ಬೇರೆ ದಿಕ್ಕುಗಳಿಗೆ ಬಾಗಿ ನಿಂತಿವೆ. ಇವುಗಳೊಳಗೆ ದ್ರವವಿದೆ. ನೀರು ತುಂಬಿದ ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ಒಳಗಿನ ನೀರು ಒಂದು ಕ್ಷಣ ಹಿಂದುಳಿಯುವುದಷ್ಟೆ? ಹಾಗೆಯೇ ನಾವು ತಲೆ ತಿರುಗಿಸಿದಾಗ ಈ ದ್ರವವೂ ಹಿಂದುಳಿದು, ಅಲ್ಲಿರುವ ಸೂಕ್ಷ್ಮವಾದ ರೋಮಗಳನ್ನು ಬಾಗಿಸುತ್ತದೆ. ತಲೆ ಯಾವ ಕಡೆಗೆ, ಎಷ್ಟು ವೇಗವಾಗಿ ತಿರುಗಿತೆಂಬ ವರ್ತಮಾನ ಆ ಕ್ಷಣವೇ ಜ್ಞಾನತಂತುವಿನ ಮೂಲಕ ಮಿದುಳಿಗೆ ಮುಟ್ಟುತ್ತದೆ. ಮಿದುಳು ಈ ವರ್ತಮಾನವನ್ನು ಕಣ್ಣೂ ಕಾಲೂ ಕಳುಹಿಸುವ ವರ್ತಮಾನದೊಡನೆ ತಾಳೆ ನೋಡಿ, ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ.

ಈ ತಿಳಿವು ಸುಲಭವಾಗಿ ಬಂದುದಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಎಂಬ ವಿದ್ವಾಂಸನು ಪಾರಿವಾಳಗಳ ಈ ನಾಳಗಳನ್ನು ಕತ್ತರಿಸಿ ನೋಡಲಾಗಿ, ಅವು ಸುತ್ತಿ ಸುತ್ತಿ ಬಿದ್ದುವು. ಆದರೂ ವೈದ್ಯರು ಬಹುಕಾಲ ತಲೆಸುತ್ತನ್ನು ಮಿದುಳಿಗೆ ರಕ್ತವೇರಿದ ರೋಗವೆಂದೇ ಬಗೆದು, ಜಿಗಣೆ ಹಚ್ಚಿ ರಕ್ತ ತೆಗೆಯುತ್ತಿದ್ದರು. ಪ್ಯಾರಿಸ್ಸಿನ ಕಿವುಡ ಮೂಗರ ಸಂಸ್ಥೆಯ ವೈದ್ಯನಾಗಿದ್ದ ಮೆನಿಯೇರನು ಈ ಬೇನೆಯ ಬೀಡು ಒಳಗಿವಿಯಲ್ಲಿರಬಹುದೆಂದು 1861ರಲ್ಲಿ ಸಾರಿದನು. ಮುಂದೆ ವಿಯೆನ್ನಾದ ರಾಬರ್ಟ್ ಬಾರಾನಿಯು ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುತ್ತಿದ್ದಾಗ ಅವರಿಗೆ ತಲೆಸುತ್ತು ಬರುವುದನ್ನು ಕಂಡನು. ನೀರು ತಣ್ಣಗಿದ್ದರೆ ಕಣ್ಣುಗಳು ಒಂದು ದಿಕ್ಕಿಗೂ, ಬಿಸಿಯಾಗಿದ್ದರೆ ಅದರ ವಿರುದ್ಧ ದಿಕ್ಕಿಗೂ ಎಗರುತ್ತಿದ್ದುವು. ನೀರಿನ ಶಾಖ ಅಥವಾ ಶೈತ್ಯದಿಂದ ಒಳಗಿವಿಯ ದ್ರವ ಹರಿಯುವುದೇ ಇದಕ್ಕೆ ಕಾರಣವೆಂದು ಅವನು ನಿರ್ಧರಿಸಿದನು. ಈ ಸಂಶೋಧನೆಗೆ 1914ನೆಯ ವರ್ಷದ ನೊಬೆಲ್ ಬಹುಮಾನ ದೊರೆಯಿತು. ಆ ಸುದ್ದಿ ಮುಟ್ಟಿದಾಗ ಬಾರಾನಿಯು ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು.

ಇನ್ನು ನಮ್ಮ ಗೃಹಸ್ಥರ ಬಳಿಗೆ ಹೋಗೋಣ. ನೆಗಡಿಯಂತಹ ಜಾಡ್ಯವನ್ನು ತರುವ ವೈರಸ್ಸು ಕೆಲವು ವೇಳೆ ಒಂದು ಕಡೆಯ ಒಳಗಿವಿಯನ್ನೋ ಅದರ ಜ್ಞಾನತಂತುವನ್ನೋ ಊದಿಸುತ್ತದೆ. ಎರಡು ಎತ್ತುಗಳು ಸಮನಾಗಿ ಎಳೆದರೆ ಗಾಡಿ ನೇರವಾಗಿ ಹೋಗುತ್ತದೆ. ಒಂದು ಎತ್ತು ಕುಸಿದರೆ ಗಾಡಿ ಪಕ್ಕಕ್ಕೆ ತಿರುಗುತ್ತದೆ. ಅದರಂತೆ, ಎರಡು ಕಿವಿಗಳೂ ಸುಮ್ಮನಿರುವಾಗಲೂ ಸಮನಾದ ವರ್ತಮಾನವನ್ನು ಮಿದುಳಿಗೆ ಕಳುಹಿಸುತ್ತಿರುತ್ತವೆ. ಒಂದು ಕಿವಿ ಬಡವಾದೊಡನೆ, ತಲೆ ತಿರುಗುತ್ತಲೇ ಇದೆಯೆಂದು ಮಿದುಳು ಭ್ರಮಿಸುತ್ತದೆ. ಹಾಸಿಗೆಯಲ್ಲಿ ಅಲುಗದೆ ಮಲಗಿದ್ದರೂ ಜಗತ್ತು ಸುತ್ತುವುದು ಈ ಕಾರಣದಿಂದಲೇ.

ಚಿಕಿತ್ಸೆಯನ್ನು ಹೇಳುವುದಕ್ಕೆ ಮೊದಲು, ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಹೇಳಿಬಿಡುವುದು ಕರ್ತವ್ಯ. ಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಹಿಂದೆಂದೂ ಕಾಣದಂತಹ ತಲೆನೋವು ಬಂದರೆ, ಅಥವಾ ಆಸರೆಯಿಲ್ಲದೆ ನಿಲ್ಲುವುದೇ ಅಸಾಧ್ಯವಾದರೆ ದೋಷವು ಮಿದುಳಿನಲ್ಲಿರಬಹುದು. ವಯಸ್ಸಾದವರೂ ರಕ್ತದೊತ್ತಡ, ಸಿಹಿಮೂತ್ರ ಉಳ್ಳವರೂ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಜ್ವರ ಏರಿ ಕುತ್ತಿಗೆ ಸೆಟೆದರೂ ವಿಳಂಬ ಸಲ್ಲದು. ತಲೆಸುತ್ತಿನೊಡನೆ ಒಂದು ಕಿವಿ ಥಟ್ಟನೆ ಮಂದವಾದರೆ ಅಂದೇ ಕಿವಿಯ ವೈದ್ಯರನ್ನು ಕಾಣಬೇಕು. ಶ್ರವಣಶಕ್ತಿಯನ್ನು ಉಳಿಸಿಕೊಳ್ಳುವ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು ಫಲಕಾರಿ.

ಇನ್ನೊಂದು ಎಚ್ಚರಿಕೆ, ವರ್ಷಗಳಿಂದ ಕಿವಿ ಸೋರುತ್ತಿರುವವರಿಗೆ. ನಮ್ಮಲ್ಲಿ ಸೋರುವ ಕಿವಿಯನ್ನು ಹತ್ತಿ ತುರುಕಿ ಮರೆಯುವುದು ರೂಢಿಯಾಗಿದೆ. ಅಂತಹ ಕಿವಿಯಲ್ಲಿ ಕೆಲವು ವೇಳೆ ಒಂದು ಬಗೆಯ ಚರ್ಮದ ಗಂಟು ಬೆಳೆದು, ಎಲುಬನ್ನು ಮೆಲ್ಲಗೆ ಸವೆಸುತ್ತ ಒಳಗಿವಿಯ ನಾಳದವರೆಗೂ ಹೋಗುತ್ತದೆ. ಸೋರುವ ಕಿವಿಯವನಿಗೆ ತಲೆಸುತ್ತು ಆರಂಭವಾಯಿತೆಂದರೆ, ಕಳ್ಳನು ನಡುಮನೆಗೆ ಕಾಲಿಟ್ಟನೆಂದೇ ತಿಳಿಯಬೇಕು. ಇಲ್ಲಿ ಮನೆಮದ್ದಿಗೆ ಸ್ಥಾನವಿಲ್ಲ; ಶಸ್ತ್ರವೈದ್ಯರೇ ಗತಿ. ಕಿವಿಗೆ ಎಣ್ಣೆ ಬಿಡುವ ವಾಡಿಕೆಯ ಅಪಾಯವೂ ಇಲ್ಲಿಯೇ ಇದೆ. ಪೊರೆಯಲ್ಲಿ ರಂಧ್ರವಿದ್ದರೆ ಬಿಟ್ಟ ಎಣ್ಣೆ ನೇರವಾಗಿ ನಡುಗಿವಿಗಿಳಿದು ಸೋಂಕನ್ನು ಹೆಚ್ಚಿಸುತ್ತದೆ. ಎಣ್ಣೆ ತಣ್ಣಗಿದ್ದರಾಗಲಿ ಬಿಸಿಯಾಗಿದ್ದರಾಗಲಿ, ಬಾರಾನಿಯ ನೀರಿನಂತೆ ಅದೇ ತಲೆಸುತ್ತನ್ನು ತರಬಲ್ಲದು.

ಈ ಅಪಾಯಗಳು ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಮಾಡತಕ್ಕದ್ದೇನು? ಮೊದಲ ಎರಡು ಮೂರು ದಿನ ವಿಶ್ರಾಂತಿ ನ್ಯಾಯವಾದದ್ದೇ. ಹೆಚ್ಚು ಹಿತವೆನಿಸುವ ಮಗ್ಗುಲಿಗೆ ಮಲಗಿ, ಅಲುಗದ ಒಂದು ವಸ್ತುವಿನ ಮೇಲೆ ದೃಷ್ಟಿ ನಿಲ್ಲಿಸಿದರೆ ಸುತ್ತು ತಗ್ಗುತ್ತದೆ. ವಾಂತಿಯಿಂದ ಮೈಯ ನೀರು ಬತ್ತದಂತೆ ಗಂಜಿಯ ತಿಳಿ, ಉಪ್ಪು ಹಾಕಿದ ನೀರುಮಜ್ಜಿಗೆ ಮುಂತಾದುವನ್ನು ಗುಟುಕು ಗುಟುಕಾಗಿ ಕುಡಿಯಬೇಕು. ವಾಂತಿಯನ್ನೂ ಸುತ್ತನ್ನೂ ತಡೆಯುವ ಮಾತ್ರೆಗಳು ಈ ಅವಧಿಯಲ್ಲಿ ಬಹಳ ಉಪಕಾರಿ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಔಷಧ ನಡೆಯದು. ನಡುಗಿವಿಯಲ್ಲಿ ಕೀವಾಗಿದ್ದಾಗಲೋ, ಬ್ಯಾಕ್ಟೀರಿಯಾ ಒಳಹೊಕ್ಕಾಗಲೋ ಮಾತ್ರ ಅದಕ್ಕೆ ಕೆಲಸ.

ಮೂರು ದಿನಗಳಾದ ಮೇಲೆ ಮಾತ್ರ ನೀತಿ ಬದಲಾಗಬೇಕು. ಇದೇ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಬಡವಾದ ಕಿವಿ ಪೂರ್ತಿ ಚೇತರಿಸಿಕೊಳ್ಳದಿದ್ದರೂ ಮನುಷ್ಯನು ನೆಟ್ಟಗಾಗುತ್ತಾನೆ. ಯಾತಕ್ಕೆಂದರೆ, ಒಂದು ಎತ್ತು ಸೋತರೂ ಹಗ್ಗವನ್ನು ಬೇರೆ ರೀತಿಯಲ್ಲಿ ಹಿಡಿದು ಗಾಡಿಯನ್ನು ನೇರವಾಗಿ ನಡೆಸಲು ಮಿದುಳೆಂಬ ಸಾರಥಿ ಕಲಿತುಕೊಳ್ಳುತ್ತಾನೆ. ಆದರೆ ಗಾಡಿ ಚಲಿಸಿದರಲ್ಲವೆ ಅವನು ಕಲಿಯುವುದು? ಕತ್ತಲ ಕೋಣೆಯಲ್ಲಿ ಅಲುಗದೆ ಮಲಗಿದರೆ ಅವನಿಗೆ ಪಾಠವೇ ಇಲ್ಲ. ವಾರಗಟ್ಟಲೆ ಮಾತ್ರೆ ನುಂಗಿದರೆ, ಪಾಠ ಕೇಳಬೇಕಾದ ಅವನನ್ನೇ ತೂಕಡಿಸುವಂತೆ ಮಾಡಿದ ಹಾಗಾಯಿತು.

1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ತಲೆಗೆ ಪೆಟ್ಟುಬಿದ್ದವರಿಗೂ ಕಿವಿಯ ಶಸ್ತ್ರಚಿಕಿತ್ಸೆಯಾದವರಿಗೂ ಈ ತತ್ತ್ವದ ಮೇಲೆ ಒಂದು ವ್ಯಾಯಾಮಕ್ರಮವನ್ನು ಏರ್ಪಡಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮೊದಲು ಕುಳಿತಲ್ಲಿಯೇ ಕಣ್ಣುಗಳನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊರಳಿಸುವುದು, ಅನಂತರ ತಲೆಯನ್ನು ಮೆಲ್ಲಗೆ, ಕ್ರಮೇಣ ವೇಗವಾಗಿ ತಿರುಗಿಸುವುದು, ಬಗ್ಗಿ ನೆಲದ ಮೇಲಣ ವಸ್ತುವನ್ನು ಎತ್ತುವುದು, ಕುರ್ಚಿಯಿಂದ ಕಣ್ಣು ತೆರೆದೂ, ಅದು ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿಯೂ ಏಳುವುದು, ಚೆಂಡನ್ನು ಕೈಯಿಂದ ಕೈಗೆ ಎಸೆಯುವುದು, ಕೋಣೆಯಲ್ಲಿ ಅಡ್ಡಾಡುವುದು, ಮೆಟ್ಟಿಲು ಹತ್ತಿಳಿಯುವುದು. ಗೋಡೆಯ ಮೇಲಣ ಒಂದು ಅಕ್ಷರವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತ, ಅದು ಮಸುಕಾಗದಷ್ಟು ವೇಗದಲ್ಲಿ ತಲೆಯನ್ನು ಎಡಬಲಕ್ಕೆ ತಿರುಗಿಸುವುದೂ ಬಹಳ ಒಳ್ಳೆಯ ಅಭ್ಯಾಸ. ಹೊತ್ತಿಗೆ ಕೆಲವೇ ನಿಮಿಷಗಳಂತೆ ದಿನಕ್ಕೆ ಎರಡು ಮೂರು ಬಾರಿ ಇವನ್ನು ಮಾಡಬಹುದು. ಮಾಡುವಾಗ ತುಸು ಸುತ್ತು ಬರುತ್ತದೆ, ಬರಲೂ ಬೇಕು. ಅದೇ ಮಿದುಳಿಗೆ ಪಾಠ. ವಾಂತಿಯಾಗುವಷ್ಟಾದರೆ ವೇಗವನ್ನು ತಗ್ಗಿಸಿದರಾಯಿತು. ಆರಂಭದಲ್ಲಿ ಒಬ್ಬರು ಪಕ್ಕದಲ್ಲಿ ನಿಂತಿರಬೇಕು.

ಸುತ್ತು ಪೂರ್ತಿ ಇಳಿಯುವವರೆಗೆ ವಾಹನ ನಡೆಸುವುದು, ಏಣಿ ಹತ್ತುವುದು ಬೇಡ. ಈಜು ಅದಕ್ಕಿಂತಲೂ ಅಪಾಯ. ನೀರಿನೊಳಗೆ ಮೇಲಾವುದು ಕೆಳಗಾವುದೆಂಬುದೇ ತಿಳಿಯದೆ ಹೋಗಬಹುದು. ಕತ್ತಲಲ್ಲಿ ಕಣ್ಣಿನ ನೆರವು ತಪ್ಪುವುದರಿಂದ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ. ಹೆಚ್ಚು ಮಂದಿ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಕೆಲವರಿಗೆ ತಿಂಗಳುಗಳು ಹಿಡಿಯುವುದೂ ಉಂಟು. ಗುಣವಾದ ಮೇಲೆ, ಹಾಸಿಗೆಯಲ್ಲಿ ಮಗ್ಗುಲಾದಾಗ ಮಾತ್ರ ಕೆಲವೇ ಕ್ಷಣ ಸುತ್ತು ಬಂದರೆ ಹೆದರಬೇಕಾದುದಿಲ್ಲ. ಅದು ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಸ್ಥಾನ ತಪ್ಪಿದುದರ ಲಕ್ಷಣ. ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಅದನ್ನು ಸರಿಪಡಿಸಬಲ್ಲರು.

ಈಗ ಆ ಗೃಹಸ್ಥರ ಮನೆಯವರಿಗೆ ನನ್ನ ವಿಜ್ಞಾಪನೆ ಇಷ್ಟೇ. ನಾಲ್ಕನೆಯ ದಿನ ಬೆಳಗ್ಗೆ ಕಿಟಕಿಯ ಬಾಗಿಲು ತೆರೆಯಿರಿ. ಎಣ್ಣೆಯ ಬಟ್ಟಲನ್ನು ಅಡಿಗೆಮನೆಗೆ ಹಿಂದಕ್ಕೆ ಕಳುಹಿಸಿರಿ. ಮಾತ್ರೆಯನ್ನು ಇನ್ನು ನಿಲ್ಲಿಸಬಹುದೆ ಎಂದು ವೈದ್ಯರನ್ನು ಕೇಳಿರಿ. ಬಳಿಕ "ಅಲುಗಬೇಡಿ" ಎನ್ನುವುದಕ್ಕೆ ಬದಲಾಗಿ ಕೈಹಿಡಿದು, "ಏಳಿ, ಜಗುಲಿಯವರೆಗೆ ನಾಲ್ಕು ಹೆಜ್ಜೆ ಹೋಗಿಬರೋಣ" ಎನ್ನಿರಿ. ಆ ನಾಲ್ಕು ಹೆಜ್ಜೆಯಲ್ಲಿಯೇ ಅವರ ಔಷಧವಿದೆ.