ಕಾಯ್ದೆಗೆ ಜಿಡ್ಡು ಕಂಡದ್ದು ಯಾವಾಗ?

ಪೀಣ್ಯದ ಲೇತ್ ಶೆಡ್ಡುಗಳಲ್ಲಿ ಮೆಷಿನ್ ಬುಡದಲ್ಲಿ ಹಾಲಿನಂತೆ ಬೆಳ್ಳಗಿನ ಕೂಲಂಟ್ ಚೆಲ್ಲಿರುವುದು, ಅದರ ಮೇಲೆ ಒಂದಿಷ್ಟು ಮರದ ಹೊಟ್ಟು ಎರಚಿರುವುದು ಹೊಸ ನೋಟವೇನಲ್ಲ. ಯಾರಾದರೂ ಜಾರಿ ಬಿದ್ದರೆ ಮೊದಲು ಕೇಳಿಬರುವ ಮಾತು, ‘ನೋಡ್ಕೊಂಡು ನಡೆಯೋದಲ್ವಾ?’ ಬಹುಕಾಲ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು.

ನಮ್ಮ 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮನ್ನೇ ನೋಡಿ. ನೆಲ, ಮೆಟ್ಟಿಲು, ಓಡಾಡುವ ದಾರಿ ಗಟ್ಟಿಯಾಗಿರಬೇಕು, ಸುಸ್ಥಿತಿಯಲ್ಲಿರಬೇಕು ಎಂದಿತ್ತು. ನೆಲದ ಮೇಲೆ ಏನು ಚೆಲ್ಲಿದೆ ಎಂಬ ಗೊಡವೆಗೆ ಅದು ಹೋಗಿರಲಿಲ್ಲ. ಬ್ರಿಟನ್ನಿನ 1937ರ ಕಾಯ್ದೆಯ ಒಕ್ಕಣೆಯೂ ಹೀಗೇ ಇತ್ತು.

ಆ ಒಕ್ಕಣೆಯ ತೂತು ಬಯಲಾದದ್ದು ಲಂಡನ್ ಪಕ್ಕದ ಸೌತಾಲ್‌ನಲ್ಲಿ. ಬಸ್ಸು, ಲಾರಿ ಮಾಡುತ್ತಿದ್ದ ಎಇಸಿ ಕಾರ್ಖಾನೆಗೆ 1950ರ ಆಗಸ್ಟ್‌ನಲ್ಲಿ ಭಾರಿ ಮಳೆಯ ನೀರು ನುಗ್ಗಿತು. ಮೆಷಿನ್‌ಗಳನ್ನು ತಂಪಾಗಿಡುವ ಎಣ್ಣೆಮಿಶ್ರಿತ ದ್ರವ ಹರಿಯುತ್ತಿದ್ದುದು ನೆಲದಲ್ಲಿ ಕೊರೆದ ಕಾಲುವೆಗಳಲ್ಲಿ. ಅದು ನೀರಿನ ಜತೆ ಉಕ್ಕಿತು. ನೀರು ಇಳಿದ ಮೇಲೆ ನೆಲಕ್ಕೆಲ್ಲ ಜಿಡ್ಡು ಮೆತ್ತಿಕೊಂಡಿತು. ಇದ್ದಬದ್ದ ಹೊಟ್ಟನ್ನೆಲ್ಲ ಎರಚಿದರು, ಸಾಲಲಿಲ್ಲ. ರಾತ್ರಿ ಪಾಳಿ ಮಾತ್ರ ನಿಲ್ಲಲಿಲ್ಲ. ಭಾರದ ಪೀಪಾಯಿಯೊಂದನ್ನು ಟ್ರಾಲಿಗೆ ಏರಿಸುತ್ತಿದ್ದ ಕಾರ್ಮಿಕ, ಹೊಟ್ಟು ಬೀಳದ ಜಾಗದಲ್ಲಿ ಕಾಲಿಟ್ಟು ಜಾರಿದ. ಪೀಪಾಯಿ ಅವನ ಕಾಲಿನ ಮೇಲೆ ಬಂತು.

ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1953ರಲ್ಲಿ ಅವನು ಸೋತ. ನೆಲದ ಕಟ್ಟೋಣ ಕೆಟ್ಟಿಲ್ಲ, ತಾತ್ಕಾಲಿಕವಾಗಿ ಜಿಡ್ಡು ಕೂತ ಮಾತ್ರಕ್ಕೆ ಕಾಯ್ದೆ ಮುರಿದಂತಲ್ಲ, ಇಷ್ಟಕ್ಕೆ ಕಾರ್ಖಾನೆ ಮುಚ್ಚಬೇಕಾಗಿಯೂ ಇರಲಿಲ್ಲ ಎಂದರು ನ್ಯಾಯಮೂರ್ತಿಗಳು. ಪದ ಹಿಡಿದು ನೋಡಿದರೆ ತರ್ಕ ಸರಿಯೇ. ಆದರೆ ಜಾರುವವನಿಗೆ ನೆಲದ ಗಟ್ಟಿತನ ಕಟ್ಟಿಕೊಂಡು ಏನಾಗಬೇಕು?

ಬ್ರಿಟನ್ 1961ರ ಕಾಯ್ದೆಯ ಹೊತ್ತಿಗೆ ತೂತು ಮುಚ್ಚಿಕೊಂಡಿತು: ಜಾರಿಸುವಂಥ ಯಾವ ಪದಾರ್ಥವೂ ನೆಲದ ಮೇಲೆ ಇರಕೂಡದು, ಆದರೆ ‘ಯುಕ್ತವಾಗಿ ಸಾಧ್ಯವಾದಷ್ಟು’ ಮಟ್ಟಿಗೆ. ನಮ್ಮಲ್ಲಿ ಜಾರಿಸುವ ಪದಾರ್ಥದ ಮಾತು 32ನೇ ಕಲಮಿಗೆ ಸೇರಲು 1976ರ ತಿದ್ದುಪಡಿಯೇ ಬರಬೇಕಾಯಿತು. ತಡವಾದರೂ ಒಂದು ವಿಷಯದಲ್ಲಿ ನಮ್ಮವರು ಬಿಗಿಯಾಗಿದ್ದರು. ‘ಸಾಧ್ಯವಾದಷ್ಟು’ ಎಂಬ ವಿನಾಯಿತಿ ಅದೇ ಕಲಮಿನಲ್ಲಿ, ಕೆಲಸದ ಜಾಗಕ್ಕೆ ತಲುಪುವ ದಾರಿಯ ಬಗೆಗಿನ ಸಾಲಿನಲ್ಲಿತ್ತು. ಜಿಡ್ಡಿನ ಸಾಲಿನಲ್ಲಿ ಇರಲಿಲ್ಲ. ‘ಇದ್ದ ಹೊಟ್ಟನ್ನೆಲ್ಲ ಎರಚಿದ್ದೆವಲ್ಲ’ ಎಂದು ಜಾರಿಕೊಳ್ಳಲು, ನಾನು ಓದಿಕೊಂಡಂತೆ, ಆ ಸಾಲು ಇಲ್ಲಿನ ಮಾಲೀಕರಿಗೆ ಎಡೆಯನ್ನೇ ಕೊಟ್ಟಿರಲಿಲ್ಲ.